ಹೊಸ್ತಿಲಲ್ಲಿ ಹೇಳಿದ ಹೆಸರು

"ಒಳಗ ಹೋಗು, ಒಲಿ ಹಚ್ಚು, ಮಲಕೋ, ಏನ್ ಬೇಕಾದ್ರೂ ಮಾಡು. ಆ ಹೊಸ್ತಿಲ ಮ್ಯಾಲ ನಿಂತು ಗಂಡನ ಹೆಸರು ಮಾತ್ರ ಎತ್ತಬ್ಯಾಡ, ಪೋರಿ."

ಗಂಗೂಬಾಯಿ ಇದನ್ನು ಹೇಳಿದ್ದು ಮರಾಠಿಯಲ್ಲಿ. ದಾರಿಗೆ ಅಡ್ಡ ನಿಂತಿದ್ದಳು, ಒಣಮೀನಿನ ಬುಟ್ಟಿಯನ್ನು ಸೊಂಟದಿಂದ ಇಳಿಸಿರಲಿಲ್ಲ. ಹದಿನಾಲ್ಕು ವರ್ಷ ಪುಣೆಯ ಬಿಲ್ಡಿಂಗುಗಳಿಗೆ ನೀರು ಹೊಡೆದ ಹುಲಿಗೆವ್ವನಿಗೆ ಮರಾಠಿ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಅರ್ಥವಾದದ್ದಕ್ಕೇ ಅವಳು ನಕ್ಕಳು.

"ಎತ್ತಿದ್ರ ಏನಾಗ್ತದ?"

"ಒಂಬತ್ತು ದಿನ. ಆಮ್ಯಾಲ ಅವನ್ನ ಸಮುದ್ರ ಒಯ್ತದ."

"ಹೆಸರು ಹೇಳಿದ್ರ ಮಂದಿ ಸಾಯೋದಾಗಿದ್ರ ರೇಶನ್ ಅಂಗಡಿ ಮುಂದ ದಿನಾ ಹೆಣ ಬೀಳ್ತಿದ್ವು, ಆಯಿ" ಎಂದು ಹುಲಿಗೆವ್ವ ತಲೆಯ ಮೇಲಿನ ಗಂಟನ್ನು ಸರಿಮಾಡಿಕೊಂಡಳು. "ಸರಿ ಬಾಜೂಕ. ಟೆಂಪೋದವ ಚೀರಾಡಾಕತ್ತಾನ."

ಮುದುಕಿ ಸರಿದಳು. ಆದರೆ ಹೋಗಲಿಲ್ಲ. ಎದುರಿನ ತೆಂಗಿನ ಮರಕ್ಕೆ ಬೆನ್ನು ಕೊಟ್ಟು ನಿಂತಳು.

ಖಾರಬಂದರ ಹಳೆಯ ಊರು. ಪುಣೆಯಿಂದ ಘಟ್ಟ ಇಳಿದು ನಾಲ್ಕೂವರೆ ತಾಸಿನ ದಾರಿ. ಪೋರ್ತುಗೀಜರು ಕಟ್ಟಿ ಬಿಟ್ಟುಹೋದ ಕೋಟೆ ಗೋಡೆ, ಗೋಡೆಯ ಬಿರುಕುಗಳಲ್ಲಿ ಅತ್ತಿಗಿಡ, ಗೋಡೆಯಾಚೆ ಕಂದುಬಣ್ಣದ ಸಮುದ್ರ. ಶನಿವಾರ ಭಾನುವಾರ ಪುಣೆ ಮುಂಬೈಗಳ ಕಾರುಗಳು ಬರುತ್ತವೆ. ಮಿಕ್ಕ ದಿನ ಮೀನು ಒಣಗುತ್ತದೆ, ನಾಯಿ ಮಲಗಿರುತ್ತವೆ. ಕೋಟೆ ಬಾಗಿಲ ಹತ್ತಿರ ಹಡಗಿನ ಮಾಲೀಕನೊಬ್ಬನ ಹಳೆಯ ಮನೆಯನ್ನು ಪ್ರಣವ ಮತ್ತು ಪೂರ್ವಾ ದಂಪತಿ ಕೊಂಡಿದ್ದರು. ಮೂಲ ಧಾರವಾಡದವರು, ಈಗ ಪುಣೆಯ ವಾಕಡದಲ್ಲಿ ಫ್ಲ್ಯಾಟು. ಹಳೆಯ ಮನೆಯನ್ನು ಪ್ರವಾಸಿಗರ ವಸತಿ ಮಾಡುವುದು ಅವರ ಯೋಜನೆ. ಅವರ ಫ್ಲ್ಯಾಟಿಗೆ ಗಿಲಾವು ಮಾಡಿದ್ದ ಹುಲಿಗೆವ್ವನ ಗಂಡ ಹಣಮಂತ್ರಾಯನ ಕೈ ಪೂರ್ವಾಳಿಗೆ ಹಿಡಿಸಿತ್ತು. ಕನ್ನಡದವರು ಬೇರೆ. ಗೋಡೆ ರಿಪೇರಿ ಮುಗಿಸಿ ಅಲ್ಲೇ ಮನೆ ನೋಡಿಕೊಂಡು ಇರ್ರಿ, ಹಿಂದಿನ ಎರಡು ಖೋಲಿ ನಿಮಗೇ ಎಂದಿದ್ದಳು.

ಎರಡು ಖೋಲಿ. ಹುಲಿಗೆವ್ವ ಆ ಮಾತನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದಳು. ಸುರಪುರದ ಕಡೆಯಿಂದ ಬಂದ ಮೇಲೆ ಅವರು ಇದ್ದದ್ದೆಲ್ಲ ತಗಡಿನ ಶೆಡ್ಡು. ಬಿಲ್ಡಿಂಗು ಮುಗಿದಂತೆ ಶೆಡ್ಡು ಕಿತ್ತು ಮುಂದಿನ ಸೈಟಿಗೆ. ವಾಕಡ, ಹಿಂಜವಡಿ, ನಡುವೆ ಒಂದು ವರ್ಷ ರಾಂಜಣಗಾಂವದ ಕಾರ್ಖಾನೆ ಕಂಪೌಂಡು. ಒಂಬತ್ತು ವರ್ಷದ ಮಗಳು ಭಾಗ್ಯಾ ನಾಲ್ಕು ಶಾಲೆ ಬದಲಾಯಿಸಿದ್ದಳು, ನಾಲ್ಕರಲ್ಲೂ ಮೊದಲನೆಯ ಪಾಠವನ್ನೇ ಓದಿದ್ದಳು. ಈಗ ಬೀಗ ಹಾಕುವ ಬಾಗಿಲಿರುವ ಮನೆ, ಕೂಗಿದರೆ ಕೇಳುವಷ್ಟು ಹತ್ತಿರ ಶಾಲೆ. ಇದನ್ನು ಮೀನು ಮಾರುವ ಮುದುಕಿಯೊಬ್ಬಳ ಮಾತಿಗೆ ಬಿಟ್ಟು ಹೋಗಬೇಕೇ?

ಸಾಮಾನು ಇಳಿಸಿ ಅದೇ ಟೆಂಪೋದಲ್ಲಿ ವಾಪಸು ಹೋಗಲು ಪುಣೆಯಿಂದ ಜೊತೆಗೆ ಬಂದಿದ್ದ, ಅವರ ಕಡೆಯವಳೇ ಆದ ಮಾನಮ್ಮ ಹೊಸ್ತಿಲಲ್ಲಿ ಎರಡೂ ಕೈ ಚಾಚಿ ಅಡ್ಡ ನಿಂತಳು. ಹೊಸ ಮನೆಗೆ ಕಾಲಿಡುವ ಹೆಂಗಸನ್ನು ಹಾಗೆ ತಡೆಯುವುದು, ಗಂಡನ ಹೆಸರು ಸೇರಿಸಿ ಒಡಪು ಹೇಳಿಸಿಯೇ ಒಳಗೆ ಬಿಡುವುದು ಅವರ ಕಡೆಯ ಪದ್ಧತಿ. ವರ್ಷವಿಡೀ ಗಂಡನ ಹೆಸರು ಬಾಯಲ್ಲಿ ತರದ ಹೆಂಗಸರು ಆವತ್ತು ಮಾತ್ರ ಹೇಳುತ್ತಾರೆ, ನಾಚಿಕೊಂಡು ಹೇಳುತ್ತಾರೆ. ಶೆಡ್ಡುಗಳಿಗೆ ಹೊಸ್ತಿಲು ಇರುವುದಿಲ್ಲ. ಹದಿನಾಲ್ಕು ವರ್ಷದಲ್ಲಿ ಹುಲಿಗೆವ್ವನನ್ನು ಯಾರೂ ಹಾಗೆ ತಡೆದಿರಲಿಲ್ಲ.

"ಹೆಸರ ಹೇಳು, ಒಳಗ ಬಾ" ಎಂದಳು ಮಾನಮ್ಮ.

"ನಕೋ ಗ!" ತೆಂಗಿನ ಮರದ ಕೆಳಗಿನಿಂದ ಗಂಗೂಬಾಯಿ ಕೂಗಿದಳು. "ಹಿಂದಿನ ಬಾಗಿಲಿಂದ ಹೋಗು!"

ಹುಲಿಗೆವ್ವನ ಮುಖ ಬಿಗಿಯಿತು. ಅವಳ ಸೋದರತ್ತೆಯ ಮೇಲೆ ಊರವರು ಭಾನಾಮತಿಯ ಆರೋಪ ಹೊರಿಸಿದ್ದರು. ಯಾರದೋ ಎಮ್ಮೆ ಸತ್ತಿತ್ತು, ಯಾರದೋ ಹುಡುಗಿ ಮೈಮೇಲೆ ಬಂದಂತೆ ಕಿರುಚಿ ಅತ್ತೆಯ ಹೆಸರು ಹೇಳಿದ್ದಳು. ಮಂತ್ರ ಹೇಳಲು ಬಾರದಂತೆ ಅತ್ತೆಯ ಮುಂದಿನ ಹಲ್ಲುಗಳನ್ನು ಒಡೆದರು. ಏಳು ವರ್ಷದ ಹುಲಿಗೆವ್ವ ಕಟ್ಟೆಯ ಮೇಲೆ ನಿಂತು ನೋಡಿದ್ದಳು. ಅಲ್ಲಿ ಮಾಟ ಇರಲಿಲ್ಲ, ಕಲ್ಲು ಇತ್ತು. ಆವತ್ತಿನಿಂದ ಮಾಟ ಎಂಬ ಮಾತು ಕಿವಿಗೆ ಬಿದ್ದರೆ ಅವಳಿಗೆ ಹೆದರಿಕೆ ಆಗುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು.

ಬಲಗಾಲನ್ನು ಹೊಸ್ತಿಲ ಮೇಲಿಟ್ಟಳು. ಗಂಗೂಬಾಯಿಯ ಕಡೆಗೇ ಮುಖ ತಿರುಗಿಸಿ, ನಾಚದೆ, ಬೇಕೆಂದೇ ದನಿ ಎತ್ತಿದಳು.

"ಕಲ್ಲಿನ ಮ್ಯಾಲ ಕಲ್ಲಿಟ್ಟು ಕಟ್ಯಾನ ಊರ ಮಂದೀ ಮನಿ, ನನ್ನ ಹಣಮಂತ್ರಾಯ ನಿಂತದ್ದೇ ನನಗ ಅರಮನಿ!"

ಮಾನಮ್ಮ ಕೇಕೆ ಹಾಕಿದಳು. ಒಲೆ ಹೊತ್ತು ನಿಂತಿದ್ದ ಹಣಮಂತ್ರಾಯ "ಸಾಕ್ ಸಾಕು, ಒಲಿ ಭಾರ ಆಗ್ಯಾದ, ಅರಮನಿಯಾಗ ಹೋಗ್ರಿ ಮೊದ್ಲ" ಎಂದ. ಎಲ್ಲರೂ ನಕ್ಕರು. ಆ ನಗುವಿನ ನಡುವೆ ಒಂದು ಉಸಿರಿನಷ್ಟು ಹೊತ್ತು ಸಮುದ್ರದ ಸದ್ದು ನಿಂತುಹೋಗಿತ್ತು. ಭಾಗ್ಯಾ ಒಬ್ಬಳೇ ತಿರುಗಿ ನೋಡಿದಳು.

ಮರದ ಕೆಳಗೆ ಗಂಗೂಬಾಯಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಹಣಮಂತ್ರಾಯ ಚಹಾ ಉಗುಳಿದ.

"ಸಕ್ಕರಿ ಡಬ್ಬಿ ಅಂತ ಉಪ್ಪಿನ ಡಬ್ಬಿ ಬೋರಲ ಹಾಕಿಯೇನು?"

ಅವಳು ಕುಡಿದು ನೋಡಿದಳು. ಚಹಾ ಸಿಹಿಯಾಗಿತ್ತು. "ನಾಲಿಗಿ ತೊಳ್ಕೊಂಡು ಕುಡಿ, ಭಾಗ್ಯಾನಪ್ಪಾ" ಎಂದಳು. ತೊಳೆದುಕೊಂಡ ನೀರನ್ನೂ ಉಗುಳಿದ. ಸಮುದ್ರದಂಡೆಯ ಬಾವಿ, ಸವಳು ಇರಬೇಕೆಂದು ಮಾತಾಡಿಕೊಂಡರು. ಅಂಗಡಿಯಿಂದ ಸೀಲು ಒಡೆಯದ ಬಾಟಲಿ ತಂದಳು. ಒಂದು ಗುಟುಕು ಕುಡಿದು ಬಾಟಲಿಯನ್ನು ಹಾಗೇ ಕೆಳಗಿಟ್ಟ. ಕರಣೆ ಎತ್ತಿಕೊಂಡು ಕೆಲಸಕ್ಕೆ ಹೋದ.

ಮೂರನೆಯ ದಿನಕ್ಕೆ ತುಟಿ ಒಡೆದವು. ಅಂಗಿ ಬೆವರಿ ಒಣಗಿದಾಗ ಬೆನ್ನ ಮೇಲೆ ಬಿಳಿಯ ಗೆರೆಗಳು ಮೂಡಿದವು. ಹುಲಿಗೆವ್ವ ಉಗುರಿನಿಂದ ಕೆರೆದು ನೆಕ್ಕಿದಳು. ಉಪ್ಪು. ಬೆವರು ಅಂದರೆ ಉಪ್ಪೇ ತಾನೇ ಎಂದು ಅಂಗಿಯನ್ನು ಬಕೆಟಿಗೆ ಎಸೆದಳು.

ಐದನೆಯ ದಿನ ಅವನು ಗಿಲಾವು ಮಾಡಿದ ಗೋಡೆ ನೋಡಿ ಅವಳು ನಿಂತುಬಿಟ್ಟಳು. ಹಸಿಯ ಗಿಲಾವಿನ ಮೇಲೆ ಅವನ ಅಂಗೈ ತಾಕಿದಲ್ಲೆಲ್ಲ ಬಿಳಿಯ ಬೂಸು ಎದ್ದಿತ್ತು. ಐದು ಬೆರಳು, ಅಂಗೈ, ಮತ್ತೆ ಐದು ಬೆರಳು. ಗೋಡೆಗೆ ಉಪ್ಪು ಹಿಡಿಯುವುದನ್ನು ಅವಳು ಎಷ್ಟೋ ಸೈಟಿನಲ್ಲಿ ನೋಡಿದ್ದಳು. ಅದಕ್ಕೆ ಒಂದು ಮಳೆಗಾಲವಾದರೂ ಬೇಕು. ಇದು ಒಂದು ಮಧ್ಯಾಹ್ನದಲ್ಲಿ ಆಗಿತ್ತು.

ಆ ಮನೆಯ ನಡುಕೋಣೆಗೆ ಕಿಟಕಿ ಇರಲಿಲ್ಲ. ಹೊರಗೆ ಸುಡುಬಿಸಿಲು ಇದ್ದಾಗಲೂ ಅಲ್ಲಿ ಕಣ್ಣಿಗೆ ಕೈ ಕಾಣುತ್ತಿರಲಿಲ್ಲ. ಹಣಮಂತ್ರಾಯ ಅಲ್ಲೇ ಮಲಗತೊಡಗಿದ. ಆ ಕತ್ತಲಿನಿಂದ ನೆನೆದ ಹಗ್ಗದ ವಾಸನೆ, ಕೊಳೆತ ಮೀನಿನ ವಾಸನೆ, ಅದರ ಕೆಳಗೆ ಇನ್ನೊಂದು ವಾಸನೆ: ತುಂಬ ದಿನ ಬಿಚ್ಚದೆ ಬಿಟ್ಟ ಹೆಂಗಸಿನ ತುರುಬಿನ ಎಣ್ಣೆಯ ವಾಸನೆ. ಹುಲಿಗೆವ್ವ ಫಿನೈಲ್ ಹಾಕಿ ಒರೆಸಿದಳು. ಎರಡನೆಯ ಸಲ ಒರೆಸಿದಳು. ನೆಲ ಒಣಗುವ ಮುಂಚೆಯೇ ವಾಸನೆ ವಾಪಸು ಬಂತು.

ಆರನೆಯ ದಿನ ಬೆಳಿಗ್ಗೆ ಸರ್ಕಾರಿ ದವಾಖಾನೆಗೆ ಎಳೆದುಕೊಂಡು ಹೋದಳು. ವಯಸ್ಸಿನಲ್ಲಿ ಚಿಕ್ಕವಳಾದ ಡಾಕ್ಟರು ಚರ್ಮ ಚಿವುಟಿ ನೋಡಿದಳು. ಚಿವುಟಿದ ಚರ್ಮ ಹಾಗೇ ನಿಂತಿತು. ನೀರು ಕುಡಿದಿಲ್ಲವೇ ಎಂದಳು. ಕುಡಿಯಲು ಆಗುತ್ತಿಲ್ಲ ಎಂದ. ಸೂಜಿ ಚುಚ್ಚಿ ಬಾಟಲಿ ಏರಿಸಿದಾಗ ಮೂರು ಜನ ಹಿಡಿಯುವಂತೆ ಚೀರಿದ, ನರದಲ್ಲಿ ಕೆಂಡ ಬಿಟ್ಟಂತೆ ಆಗುತ್ತಿದೆ ಎಂದ. ಬಾಟಲಿ ತೆಗೆದು, ರಕ್ತ ಪರೀಕ್ಷೆಗೆ ಕೊಟ್ಟು ಮನೆಗೆ ಕಳಿಸಿದರು; ಎರಡು ದಿನಕ್ಕೆ ರಕ್ತದ ರಿಪೋರ್ಟು ಬಂತು.

"ಇಷ್ಟು ಉಪ್ಪು ರಕ್ತದಲ್ಲಿದ್ದರೆ ಮನುಷ್ಯ ಎಚ್ಚರವಾಗಿಯೇ ಇರುವುದಿಲ್ಲ" ಎಂದು ಡಾಕ್ಟರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಜಿಲ್ಲಾ ಆಸ್ಪತ್ರೆಗೆ ಒಯ್ಯಬೇಕು. ನಾಳೆ ಮಧ್ಯಾಹ್ನ ಆಂಬ್ಯುಲೆನ್ಸ್ ಕಳಿಸ್ತೀನಿ."

ಅದು ಎಂಟನೆಯ ದಿನ. ಹುಲಿಗೆವ್ವ ರಿಪೋರ್ಟು ಹಿಡಿದು ಮನೆಗೆ ಬರುವಷ್ಟರಲ್ಲಿ ನಡುಕೋಣೆಯ ಹಾಸಿಗೆ ಖಾಲಿಯಾಗಿತ್ತು.

ಹಿಂದಿನ ಬಾಗಿಲು ತೆರೆದಿತ್ತು. ಮರಳಿನಲ್ಲಿ ಹೆಜ್ಜೆಗಳಿದ್ದವು. ಹಣಮಂತ್ರಾಯ ಎದೆಮಟ್ಟ ನೀರಿನಲ್ಲಿ ನಿಂತು ಎರಡೂ ಕೈಯಲ್ಲಿ ಸಮುದ್ರದ ನೀರು ಮೊಗೆದು ಮೊಗೆದು ಕುಡಿಯುತ್ತಿದ್ದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ನಗುವಿತ್ತು.

"ಹುಲಿಗಿ, ಬಾ! ಕುಡಿ ಬಾ! ನಮ್ಮೂರ ಬಾವಿ ನೀರಿನಂಗ ಸೀ ಅದ!"

ಅವಳು ಓಡಿದಳು. ಕುಪ್ಪಸ ಹಿಡಿದು ಯಾರೋ ಹಿಂದೆ ಜಗ್ಗಿದಂತೆ ನೀರು ಜಗ್ಗಿತು. ಅವನ ಕೂದಲಿಗೇ ಕೈ ಹಾಕಿ ಎಳೆದಳು. ಅವನು ಬರಲಿಲ್ಲ, ಕಲ್ಲಿನಂತೆ ನಿಂತ. ಆಗ ಪಕ್ಕದಲ್ಲಿ ಇನ್ನೊಂದು ಜೋಡಿ ಕೈ ಬಂತು, ಒಣಮೀನಿನ ವಾಸನೆಯ ಕೈ. ಗಂಗೂಬಾಯಿ ಬಲೆ ಎಸೆದು ಅವನನ್ನು ಮೀನು ಎಳೆದಂತೆ ಎಳೆದಳು. ಇಬ್ಬರೂ ಸೇರಿ ನಡುಕೋಣೆಗೆ ತಂದು ಕಂಬಕ್ಕೆ ಕಟ್ಟಿದರು.

ಹುಲಿಗೆವ್ವ ತೋಯ್ದ ಸೀರೆಯಲ್ಲೇ ಕಟ್ಟೆಯ ಮೇಲೆ ಕೂತಳು.

"ಹೇಳು ಆಯಿ. ಏನದ ಅಲ್ಲಿ?"

ಗಂಗೂಬಾಯಿ ಹೇಳಿದಳು. ತನ್ನ ಅತ್ತೆಯಿಂದ ಕೇಳಿದ್ದನ್ನು, ಏನೂ ಸೇರಿಸದೆ ಹೇಳಿದಳು. ಈ ಮನೆಯ ಹಡಗಿನ ಮಾಲೀಕ ಎರಡನೆಯ ಹೆಂಡತಿಯನ್ನು ತರಲು ಹೊರಟ. ಮೊದಲನೆಯವಳನ್ನು ಹಿಂದಿನ ಬಾಗಿಲಿಂದ ಹೊರಗೆ ಹಾಕಿದರು. ಅವಳು ಹೊಸ್ತಿಲು ಎಬ್ಬಿಸಿ ಅಡಿಯಲ್ಲಿ ಮಡಕೆ ಹೂತಳು. ಅದರೊಳಗೆ ತನ್ನ ಕೂದಲು, ತನ್ನ ಬಳೆ, ತನ್ನ ತಾಳಿ, ಮೇಲೊಂದಿಷ್ಟು ಉಪ್ಪು. ಈ ಹೊಸ್ತಿಲ ಮೇಲೆ ಯಾವಳು ಯಾರನ್ನು ನನ್ನ ಗಂಡ ಎಂದು ಹೆಸರಿಟ್ಟು ಕರೆಯುತ್ತಾಳೋ ಅವನು ಸಮುದ್ರದ ಪಾಲಾಗಲಿ. ಹೊಸ ಮದುಮಗಳು ಹೊಸ್ತಿಲಲ್ಲಿ ನಿಂತು ಹೆಸರು ಹೇಳಿದಳು. ಒಂಬತ್ತನೆಯ ದಿನ ಮಧ್ಯಾಹ್ನ ಸಮುದ್ರ ಉಕ್ಕುವ ಭರತಕ್ಕೆ ಮಾಲೀಕ ಹೋದ. ಮುಂದೆ ಅವನ ಮಗನೂ ಹಾಗೇ ಹೋದ. ಆಮೇಲೆ ಈ ಮನೆಗೆ ಸೊಸೆಯರು ಬಂದದ್ದು ಹಿಂದಿನ ಬಾಗಿಲಿಂದ, ಬಾಯಿ ಮುಚ್ಚಿಕೊಂಡು.

"ಬಿಡಸೋದು ಹ್ಯಾಂಗ?"

ಮುದುಕಿ ನೆಲ ನೋಡಿದಳು. "ಕಡೀಗೆ ಯಾರ ಹೆಸರು ಬಿದ್ದಿರ್ತದೋ ಅವನ್ನ ಅದು ಹಿಡೀತದ. ಇನ್ನೊಬ್ಬಾಕಿ ನಿಂತು ತನ್ನ ಗಂಡನ ಹೆಸರು ಹೇಳಿದ್ರ ನಿನ್ನವನ್ನ ಬಿಡ್ತದ."

"ಮಡಕೀನ ಕಿತ್ತು ಒಗೆದ್ರ?"

"ಯಾರೂ ಒಗೆದಿಲ್ಲ. ಕಿತ್ತಾಕಿಗೆ ಆ ಮೊದಲನೇ ಹೆಂಡ್ತಿ ಪಾಲು ಬರ್ತದಂತ. ಗಂಡ ಉಳೀತಾನ, ಗಂಡಗ ನೀ ಉಳಿಯಂಗಿಲ್ಲ."

"ಬಿಟ್ಟು ಓಡಿ ಹೋಗ್ತಾನ?"

"ನಂಗೇನ್ ಗೊತ್ತು. ಹಂಗಂತಾರ."

ಹುಲಿಗೆವ್ವ ಸೀರೆಯ ಸೆರಗು ಹಿಂಡಿದಳು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಪೂರ್ವಾ ಬರುವವಳಿದ್ದಳು. ಗಂಡ, ಗೆಳೆಯರು, ಮೂರು ಕಾರು, ಮನೆಯ ಉದ್ಘಾಟನೆ. ವಾರದ ಹಿಂದೆಯೇ ಫೋನಿನಲ್ಲಿ ಹೇಳಿದ್ದಳು: "ಹುಲಿಗೆವ್ವಾ, ಹೊಸ್ತಲಾ ಛಂದಂಗೆ ಸಾರಿಸಿ ಇಡ್ರಿ. ನಾನು ಒಡಪು ಹಾಕೇ ಒಳಗ ಬರಾಕಿ. ನಮ್ಮ ಅಜ್ಜಿ ಕಲಿಸ್ಯಾರ. ವಿಡಿಯೋ ಮಾಡೋದದ."

ಹುಲಿಗೆವ್ವ ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಅವಳು ಹೊಸ್ತಿಲು ಸಾರಿಸಿದಳು. ಅರಿಸಿನ ಹಚ್ಚಿದಳು, ಕುಂಕುಮದ ಬೊಟ್ಟು ಇಟ್ಟಳು. ಇವರಿಗೇನು, ವಾಕಡದಲ್ಲಿ ಫ್ಲ್ಯಾಟು ಇದೆ, ಇಲ್ಲೊಂದು ಮನೆ ಇದೆ, ದೊಡ್ಡ ದೊಡ್ಡ ಆಸ್ಪತ್ರೆಗಳ ಡಾಕ್ಟರುಗಳ ಪರಿಚಯ ಇದೆ, ಹೇಗೋ ಉಳಿಸಿಕೊಳ್ಳುತ್ತಾರೆ. ಹಾಗೆಂದು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳೆಂದು ಗೊತ್ತಿತ್ತು. ಗೊತ್ತಿದ್ದೂ ಇನ್ನೊಂದು ಬೊಟ್ಟು ಇಟ್ಟಳು.

ಒಳಗೆ ಕತ್ತಲಲ್ಲಿ ಹಣಮಂತ್ರಾಯನ ಗಂಟಲಿನಿಂದ ಮರಳು ಉಜ್ಜಿದಂಥ ಸದ್ದು ಬರುತ್ತಿತ್ತು. ಕಣ್ಣಿನ ಮೂಲೆಗಳಲ್ಲಿ ಉಪ್ಪು ಹರಳುಗಟ್ಟಿತ್ತು. ಭಾಗ್ಯಾಳನ್ನು ಗಂಗೂಬಾಯಿಯ ಮನೆಗೆ ಕಳಿಸಿದ್ದಳು.

ಕಾರುಗಳು ಬಂದವು. ಮಲ್ಲಿಗೆ, ಸೆಂಟು, ಪೇಢಾದ ಡಬ್ಬಿ. ಪೂರ್ವಾ ಇಳಕಲ್ ಸೀರೆ ಉಟ್ಟಿದ್ದಳು. "ಹಣಮಂತ್ರಾಯ ಎಲ್ಲಿ?" ಎಂದಳು. "ಜ್ವರ ಬಂದಾವ್ರಿ, ಒಳಗ ಮಲಗ್ಯಾನ್ರಿ" ಎಂದಳು ಹುಲಿಗೆವ್ವ. "ಅಯ್ಯ ಪಾಪ, ಮಲಗ್ಲಿ ಬಿಡ್ರಿ." ಪ್ರಣವ ಒಂದು ಕಾಲಿನ ಬೂಟು ಬಿಚ್ಚಿ, ಇನ್ನೊಂದರ ಲೇಸು ಗಂಟಾಗಿ, ಕುಂಟುತ್ತಾ ಎಲ್ಲರನ್ನೂ ನಗಿಸುತ್ತಿದ್ದ. ಗೆಳತಿಯರು ಹೊಸ್ತಿಲಿನ ಒಳಗೆ ಅಡ್ಡ ನಿಂತರು. ಮೊಬೈಲುಗಳು ಮೇಲೆದ್ದವು.

"ಹೆಸರು! ಹೆಸರು! ಬಿಡಂಗಿಲ್ಲ ಪೂರ್ವಾ, ಹೆಸರು ಹೇಳು!"

ಸಮುದ್ರ ಉಬ್ಬುತ್ತಿತ್ತು. ಕೋಟೆಗೋಡೆಗೆ ಅಲೆ ಬಡಿಯುವ ಸದ್ದು ಒಂದಕ್ಕಿಂತ ಒಂದು ಹತ್ತಿರವಾಗುತ್ತಿತ್ತು. ಒಳಗೆ ಹಗ್ಗ ಕಿರುಗುಟ್ಟಿತು.

ಪೂರ್ವಾ ಬಲಗಾಲು ಹೊಸ್ತಿಲ ಮೇಲಿಟ್ಟಳು. ಗಂಟಲು ಸರಿಮಾಡಿಕೊಂಡಳು.

"ಧಾರವಾಡದ ಪೇಢಾ ಸೀ, ಪುಣೆಯ ಭಾಕರವಡಿ ಖಾರ..."

ಹುಲಿಗೆವ್ವ ಹೊಸ್ತಿಲ ಪಕ್ಕದಲ್ಲೇ ಇದ್ದಳು. ಅರಿಸಿನದ ಬಟ್ಟಲು ಕೈಯಲ್ಲಿತ್ತು. ಹೊಸ್ತಿಲ ಕಟ್ಟಿಗೆಯ ಸಂದಿನಿಂದ ಆ ವಾಸನೆ ಎದ್ದುಬಂತು, ತುರುಬಿನ ಎಣ್ಣೆಯದು. ವಾಸನೆಯ ಜೊತೆಗೆ ಕೆಳಗಿನಿಂದ ಬಳೆಯ ಸದ್ದು. ಬಹಳ ಸಣ್ಣ ಸದ್ದು. ಊಟಕ್ಕೆ ಕೂತವಳು ಕೈ ತೊಳೆಯುವಾಗ ಆಗುತ್ತದಲ್ಲ, ಹಾಗೆ.

ಕೆಳಗಿದ್ದವಳು ತಯಾರಾಗಿದ್ದಳು. ಪೂರ್ವಾ ಹೇಳುತ್ತಾಳೆ ಎಂದು ಅವಳಿಗೆ ಖಾತ್ರಿ ಇತ್ತು. ಹುಲಿಗೆವ್ವ ಸುಮ್ಮನಿರುತ್ತಾಳೆ ಎಂದೂ ಖಾತ್ರಿ ಇತ್ತು.

ಹುಲಿಗೆವ್ವನಿಗೆ ಪೂರ್ವಾಳ ಮೇಲೆ ಕರುಣೆ ಬರಲಿಲ್ಲ. ಬಂದದ್ದು ಸಿಟ್ಟು. ಬದುಕಿದ್ದ ಎಷ್ಟೋ ಮಂದಿ ಮೇಸ್ತ್ರಿಗಳ ಮಾತನ್ನು ಅವಳು ಕೇಳಿರಲಿಲ್ಲ. ನೂರು ವರ್ಷದ ಹಿಂದೆ ಸತ್ತವಳೊಬ್ಬಳು ಮಣ್ಣಿನಡಿ ಕೂತು ಸುಮ್ಮನಿರು ಎಂದರೆ ಸುಮ್ಮನಿರಬೇಕೇ?

ಅರಿಸಿನದ ಅಂಗೈ ಪೂರ್ವಾಳ ಬಾಯಿಗೆ ಅಪ್ಪಳಿಸಿತು.

ಕಿರುಚಾಟ. ಬಟ್ಟಲು ಉರುಳಿತು. ಪೂರ್ವಾ ಹಿಂದಕ್ಕೆ ಬಿದ್ದಳು. "ಹುಚ್ಚ ಹಿಡಿದದೇನು ನಿಮಗ?" ಎಂದು ಪ್ರಣವ ಒಂದು ಬೂಟಿನಲ್ಲಿ ಓಡಿಬಂದ. ಅಷ್ಟರಲ್ಲಿ ಹುಲಿಗೆವ್ವನ ಕೈಯಲ್ಲಿ ಗೋಡೆಗೆ ಆನಿಸಿದ್ದ ಹಾರೆ ಇತ್ತು.

"ಸರೀರಿ ಹಿಂದ. ಎಲ್ಲಾರೂ ಸರೀರಿ."

"ಏಯ್, ಅದು ಹಳೇ ಸಾಗವಾನಿ! ಮುಟ್ಟಬ್ಯಾಡ್ರಿ!"

ಹಾರೆ ಸಂದಿನಲ್ಲಿ ಇಳಿಯಿತು. ಅವಳು ಮೈಭಾರ ಬಿಟ್ಟಳು. ಕಟ್ಟಿಗೆ ನರಳಿತು. ಇನ್ನೊಮ್ಮೆ. ಒಳಗೆ ಹಗ್ಗ ಹರಿದ ಸದ್ದು. ಹಣಮಂತ್ರಾಯ ಎದ್ದಿದ್ದ. ಕತ್ತಲಲ್ಲಿ ಕಾಲೆಳೆಯುತ್ತಾ ಹಿಂದಿನ ಬಾಗಿಲ ಕಡೆಗೆ. ಹೆಜ್ಜೆ. ಹೆಜ್ಜೆ. ಇನ್ನೊಮ್ಮೆ ಹಾರೆ. ಹೊಸ್ತಿಲು ಎದ್ದಿತು.

ಕೆಳಗೆ ಮರಳು. ಮರಳು ಹಸಿಯಾಗಿತ್ತು. ಕೈಯಿಂದ ಬಗೆದಳು. ಉಗುರು ಕಿತ್ತುಬಂತು. ಬಗೆದಳು. ಕಪ್ಪು ಮಡಕೆಯ ಬಾಯಿ. ಬಾಯಿಗೆ ಕಟ್ಟಿದ ಬಟ್ಟೆ ಮುಟ್ಟಿದ ಕೂಡಲೇ ಪುಡಿಯಾಯಿತು. ಕೈ ಒಳಗೆ ಹಾಕಿದಳು.

ಒಳಗಿನ ಕೈ ಅವಳ ಕೈ ಹಿಡಿಯಿತು.

ತಣ್ಣಗಿತ್ತು. ಬಳೆಗಳಿದ್ದವು. ಹಿಡಿತ ಬಿಗಿಯಾಯಿತು. ಕಿವಿಯ ಒಳಗೇ ಯಾರೋ ಉಸಿರುಬಿಟ್ಟರು. ಮರಾಠಿಯಲ್ಲಿ, ಬಹಳ ಮೆಲ್ಲಗೆ: ಬಿಡು. ನಿನ್ನವನೂ ನಾಳೆ ಇನ್ನೊಬ್ಬಳನ್ನು ತರುತ್ತಾನೆ. ಇವತ್ತೇ ಹೋಗಲಿ ಬಿಡು.

"ತಂದ್ರ ನಾ ನೋಡ್ಕೋತೀನಿ" ಎಂದಳು ಹುಲಿಗೆವ್ವ. "ನಿನ್ನ ಗಂಡ ನಿನ್ನ ಹೊರಗ ಹಾಕಿದ. ಅವಂದು ನೀ ತಗೊಂಡಿ, ಮುಗೀತು. ನನ್ನವ ನಿಂಗೇನ್ ಮಾಡ್ಯಾನ?"

ಎಳೆದಳು. ಭುಜ ಕಳಚಿದಂತಾಯಿತು. ಎಳೆದಳು. ಅಲೆ ಕೋಟೆಗೋಡೆ ಹಾರಿ ಅಂಗಳಕ್ಕೆ ಬಿತ್ತು. ಯಾರೋ ಕಾರಿನ ಕಡೆಗೆ ಓಡಿದರು. ಹಿಂದಿನ ಬಾಗಿಲಿನ ಚಿಲಕ ತೆಗೆದ ಸದ್ದು. ಎಳೆದಳು. ಮಡಕೆ ಮರಳಿನಿಂದ ಕಿತ್ತು ಬಂತು, ಜೊತೆಗೆ ಅವಳೂ ಹಿಂದಕ್ಕೆ ಬಿದ್ದಳು. ಮಡಕೆ ಅಂಗಳದ ಕಲ್ಲಿಗೆ ಬಿದ್ದು ಒಡೆಯಿತು.

ಕೂದಲಿನ ಉಂಡೆ. ಹಸಿರು ಬಳೆಯ ಚೂರು. ಕರಿಮಣಿ. ತಲೆಯಷ್ಟು ದೊಡ್ಡ ಉಪ್ಪಿನ ಗಡ್ಡೆ.

ಒಯ್ದು ಸಮುದ್ರಕ್ಕೆ ಎಸೆಯಬೇಕು ಎಂದು ಅವಳ ಕಾಲು ತಾವಾಗಿ ಎದ್ದವು. ಎರಡು ಹೆಜ್ಜೆ ಇಟ್ಟು ನಿಂತಳು. ಸಮುದ್ರ ಬೇಡುತ್ತಿರುವುದೇ ಅದನ್ನು. ತಿರುಗಿದಳು. ಹೊಸ ಗೋಡೆಗೆ ನೀರು ಹೊಡೆಯುವ ಪೈಪು ಅಂಗಳದಲ್ಲಿ ಬಿದ್ದಿತ್ತು, ನೀರಿನ ಟಾಕಿಯಲ್ಲಿ ಟ್ಯಾಂಕರಿನ ಸಿಹಿನೀರಿತ್ತು. ಹದಿನಾಲ್ಕು ವರ್ಷ ಅವಳು ಮಾಡಿದ್ದು ಅದೊಂದೇ ಕೆಲಸ. ನಲ್ಲಿ ತಿರುಗಿಸಿದಳು. ಬೆರಳಿನಿಂದ ಪೈಪಿನ ಬಾಯಿ ಒತ್ತಿ ಹಿಡಿದು ಉಪ್ಪಿನ ಮೇಲೆ ನೀರು ಬಿಟ್ಟಳು.

ಉಪ್ಪು ಚೀರಿತು. ಸುಟ್ಟ ಹಂಚಿಗೆ ನೀರು ಬಿದ್ದಂತೆ ಅಲ್ಲ, ಹೆಂಗಸು ಚೀರಿದಂತೆ. ಅವಳು ನೀರು ನಿಲ್ಲಿಸಲಿಲ್ಲ. ಗಡ್ಡೆ ಮುಷ್ಟಿಯಾಯಿತು. ಮುಷ್ಟಿ ನಿಂಬೆಹಣ್ಣಾಯಿತು. ಕಾಳಾಯಿತು. ಕಲ್ಲು ತೊಳೆದು ಮಣ್ಣು ಕಾಣುವ ತನಕ ನೀರು ಬಿಟ್ಟಳು.

ಅಲೆ ತಗ್ಗಿತು. ಬಿಸಿಲು ಇತ್ತು. ಒಂದು ಕಾಗೆ ಕೂಗಿತು.

ಹಣಮಂತ್ರಾಯ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಬಿದ್ದಿದ್ದ, ಒಂದು ಕೈ ಮರಳಿನಲ್ಲಿತ್ತು. ಪೈಪನ್ನು ಅವನ ತುಟಿಗೆ ಹಿಡಿದಳು. ಉಗುಳಲಿಲ್ಲ. ನುಂಗಿದ. ಇನ್ನೂ ಬೇಕೆಂದು ಬಾಯಿ ತೆರೆದ. ಹೊಟ್ಟೆ ಉಬ್ಬುವ ತನಕ ಕುಡಿದ. ಕಣ್ಣು ಮುಚ್ಚಿಕೊಂಡೇ ನಿದ್ದೆಹೋದ.

ಅಂಗಳದಲ್ಲಿ ಪೂರ್ವಾ ಅರಿಸಿನದ ಮುಖ ಒರೆಸಿಕೊಳ್ಳುತ್ತಾ ಅಳುತ್ತಿದ್ದಳು. "ನಿಮ್ಮನ್ನ ಮನಿಯವರಂಗ ನೋಡಿದ್ದೆ" ಎಂದಳು. ಪ್ರಣವ ಇವತ್ತೇ ಖೋಲಿ ಖಾಲಿ ಮಾಡಬೇಕೆಂದ, ಪೊಲೀಸರ ಮಾತೂ ಎತ್ತಿದ. ಹುಲಿಗೆವ್ವ ಅವನ ಮುಖವನ್ನು ಒಮ್ಮೆ ನೋಡಿದಳು. ಇನ್ನೂ ಒಂದೇ ಬೂಟು. ವಿವರಿಸಿದರೆ ತನ್ನ ಹಲ್ಲಿಗೇ ಕಲ್ಲು ಬೀಳುವುದು ಅವಳಿಗೆ ಗೊತ್ತಿತ್ತು.

ಜಿಲ್ಲಾ ಆಸ್ಪತ್ರೆಯಲ್ಲಿ ಅವನು ಎರಡು ದಿನ ಕಣ್ಣು ಬಿಡದೆ ಮಲಗಿದ. ಡಾಕ್ಟರುಗಳು ರಕ್ತ ತೆಗೆದರು, ಉಪ್ಪು ಸರಿಯಾಗಿದೆ ಎಂದರು, ಮೊದಲಿನ ರಿಪೋರ್ಟು ತಪ್ಪಿರಬೇಕೆಂದರು. ಅವನ ಪಕ್ಕದಲ್ಲಿ ಕೂತು ಹುಲಿಗೆವ್ವ ಗಂಗೂಬಾಯಿಯ ಮಾತನ್ನು ಮೆಲುಕು ಹಾಕಿದಳು. ಬಿಟ್ಟು ಓಡಿಹೋಗುತ್ತಾನಾದರೆ ಹೋಗಲಿ. ಓಡಲು ಕಾಲಾದರೂ ಇರುತ್ತವಲ್ಲ. ಪುಣೆಯ ಯಾವ ಸೈಟಿನಲ್ಲಿದ್ದರೂ ಅವನ ಕೈಯ ಗಿಲಾವನ್ನು ಅವಳು ಗುರುತು ಹಿಡಿಯಬಲ್ಲಳು.

ಮೂರನೆಯ ದಿನ ಬೆಳಿಗ್ಗೆ ಅವನು ಎದ್ದ. ಭಾಗ್ಯಾ ಅವನ ಹತ್ತಿರ ಕೂತು ವಟವಟ ಮಾತಾಡುತ್ತಿದ್ದಳು. ಹುಲಿಗೆವ್ವ ಸಾಮಾನು ತರಲು ಖಾರಬಂದರಕ್ಕೆ ಹೋಗಿದ್ದಳು. ಅಪ್ಪ ಎದ್ದನೆಂದು ಭಾಗ್ಯಾ ನರ್ಸಿನ ಫೋನಿನಿಂದ ತಿಳಿಸಿದಾಗ, ಡಾಕ್ಟರು ಬಿಟ್ಟ ಕೂಡಲೇ ಅವನನ್ನು ನೇರವಾಗಿ ಬಸ್ ಸ್ಟ್ಯಾಂಡಿಗೆ ಕರೆತರಲು ಹೇಳಿದಳು.

ಪುಣೆಯ ಬಸ್ಸು ನಿಂತಿತ್ತು. ಗಂಟು, ಒಲೆ, ಪಾತ್ರೆಯ ಚೀಲ ಎಲ್ಲ ಏರಿಸಿ ಬೆವರು ಒರೆಸಿಕೊಂಡು ಅವಳು ಒಳಗೆ ಬಂದಳು. ಮೂರು ಜನರ ಸೀಟಿನಲ್ಲಿ ಅಪ್ಪ ಮಗಳು ಕಾಲು ಚಾಚಿ ಕೂತಿದ್ದರು. ಹಣಮಂತ್ರಾಯ ಕೈಯಲ್ಲಿದ್ದ ಕಡಲೆಕಾಯಿ ಸಿಪ್ಪೆಯನ್ನು ಕಿಟಕಿಯಾಚೆ ಎಸೆದು ತಲೆ ಎತ್ತಿ ನೋಡಿದ. ಮುಖಕ್ಕೆ ಬಣ್ಣ ಬಂದಿತ್ತು. ಅವಳನ್ನು ನೋಡಿ ಕಾಲು ಮಡಚಿಕೊಂಡ.

"ಭಾಗ್ಯಾ, ಸರಿ ಬೇ. ಆ ಅಕ್ಕಾರಿಗೆ ಜಾಗಾ ಬಿಡು."

ಭಾಗ್ಯಾ ಕಿಲಕಿಲ ನಕ್ಕಳು. ಅಪ್ಪ ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡಳು. ಅವನು ನಗಲಿಲ್ಲ. ಗುರುತಿಲ್ಲದ ಹೆಂಗಸಿನ ಮುಖವನ್ನು ನೇರ ನೋಡಬಾರದೆಂದು ಕಣ್ಣು ತಗ್ಗಿಸಿ, ಇನ್ನಷ್ಟು ಒತ್ತಿ ಕೂತ.

"ಕುಂದರ್ರಿ ಯಕ್ಕಾ. ಯಾವೂರ್ರೀ ನಿಮ್ದು?"

ಹುಲಿಗೆವ್ವ ನಿಂತೇ ಇದ್ದಳು. ಹಿಂದಿನಿಂದ ಕಂಡಕ್ಟರು "ಬಸಾ ಬಾಯಿ, ಬಸಾ" ಎಂದ. ಕೂತಳು. ಭಾಗ್ಯಾಳ ನಗು ಸಣ್ಣದಾಗುತ್ತಾ ಬಂದು ನಿಂತಿತು. ಹುಡುಗಿ ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿದಳು. ಹುಲಿಗೆವ್ವ ಮಗಳ ತೊಡೆಯ ಮೇಲೆ ಕೈ ಇಟ್ಟು ಒತ್ತಿದಳು.

"ಸುರಪುರ ಕಡೀರಿ" ಎಂದಳು.

"ಹೌದೇನ್ರಿ? ನಮ್ದೂ ಅಲ್ಲೇ ಬಾಜೂದ ಊರ! ಒಬ್ರೇ ಹೊಂಟೀರೇನ್ರಿ ಪುಣೆಕ?"

"ಇಲ್ಲ. ಗಂಡನ್ನ ಕರಕೊಂಡು ಹೊಂಟೀನಿ."

ಅವನು ಬಸ್ಸಿನ ತುಂಬ ಕಣ್ಣಾಡಿಸಿದ. "ಎಲ್ಲದಾರ್ರಿ? ಕಾಣವಲ್ರಲ್ಲ."

ಬಸ್ಸು ಗೇರು ಬದಲಿಸಿತು. ಹುಲಿಗೆವ್ವ ಅವನ ಕೈಯಿಂದ ಕಡಲೆಕಾಯಿಯ ಪೊಟ್ಟಣ ತೆಗೆದುಕೊಂಡಳು. ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡಳು.

"ಸಿಗ್ತಾನ ತಗೋರಿ" ಎಂದಳು. "ಎಲ್ಲಿ ಹೋಗ್ತಾನ."